ಸ್ಪಷ್ಟನೆ: ಪೇಚ್ ಊರು ತುರ್ಕರು ಕಟ್ಟಿದ್ದಲ್ಲ

ಹಂಗೇರಿಯ ಪೇಚ್ ಊರನ್ನು 1543ರಲ್ಲಿ ತುರ್ಕರು ಸ್ಥಾಪಿಸಿದರು ಎಂಬ ಸಂದೇಶ ಹಸಿರು ಗುಮ್ಮಟದ ಫೋಟೋ ಸಮೇತ ಓಡಾಡುತ್ತಿದೆ. ಸುಮ್ನೆ ನಂಬಿ ನಾನೂ ಕಳಿಸಿದ್ದೆ. ಅದು ತಪ್ಪು.

1543 ತುರ್ಕರು ಊರನ್ನು ಗೆದ್ದ ವರ್ಷ. ಊರು ಅದಕ್ಕಿಂತ ತುಂಬಾ ಹಳೆಯದು. ರೋಮನ್ನರ ಕಾಲದಲ್ಲಿ ಇದರ ಹೆಸರು ಸೋಪಿಯಾನೆ. ಆಗಿನ, 4ನೇ ಶತಮಾನದ ಕ್ರೈಸ್ತ ಸಮಾಧಿಗಳು ಇಂದಿಗೂ ನೆಲದಡಿ ಇವೆ. ಒಂದರ ಗೋಡೆಯಲ್ಲಿ ಹೂಜಿ, ಲೋಟದ ಚಿತ್ರ ಕೂಡ ಉಳಿದಿದೆ! 2000ದಲ್ಲಿ ಇವು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. 1009ರಲ್ಲೇ ಇಲ್ಲಿ ಬಿಷಪ್ ಪೀಠ, 1367ರಲ್ಲಿ ವಿಶ್ವವಿದ್ಯಾಲಯ ಶುರುವಾಗಿದ್ದವು.

ಫೋಟೋದ ಕಟ್ಟಡ ತುರ್ಕರ ಮಸೀದಿಯೇ, ಅದು ನಿಜ. ಹಳೆಯ ಚರ್ಚಿನ ಕಲ್ಲುಗಳಿಂದಲೇ ಕಟ್ಟಿದ್ದು. ಈಗ ಮತ್ತೆ ಚರ್ಚು.

ಆ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನದನ್ನು ಅಳಿಸಿದ್ದೇನೆ.