ಹಾಲಿಲ್ಲ ಸರಿ, ಇನ್ನೇನಿದೆ?

ಅಕ್ಕನ ಮಗಳು ಪುಟ್ಟಿ ಹದಿನೈದು ದಿನ ನಮ್ಮ ಮನೆಗೆ ಬರ್ತೀನಿ ಅಂದಾಗ ಖುಷಿಯೇ ಆಯಿತು. ಫೋನ್ ಇಡುವ ಮುಂಚೆ ಒಂದು ಮಾತು ಸೇರಿಸಿದಳು. "ಚಿಕ್ಕಮ್ಮ, ನಾನೀಗ ವೀಗನ್ ಆಗಿದೀನಿ. ಪ್ರಾಣಿಗಳಿಂದ ಬಂದದ್ದು ಏನೂ ಬೇಡ, ಹಾಲು, ಮೊಸರು, ತುಪ್ಪ ಕೂಡ. ನೀನು ಸುಮ್ನೆ ತಲೆ ಕೆಡಿಸ್ಕೋಬೇಡ." ಹೀಗೆ ಹೇಳಿದ ಮೇಲೆ ಯಾರ ತಲೆ ತಾನೇ ಕೆಡುವುದಿಲ್ಲ? ಊಟದ ಚಿಂತೆ ಇರಲಿಲ್ಲ. ಅನ್ನ, ಸಾರು, ಹುಳಿ, ಪಲ್ಯ ಎಲ್ಲ ನಡೆಯುತ್ತದೆ. ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದರಾಯಿತು. ಚಿಂತೆ ಇದ್ದದ್ದು ಕಾಫಿಯದು. ಬೆಳಿಗ್ಗೆ ಡಿಕಾಕ್ಷನ್ ವಾಸನೆಗೆ ಎದ್ದು ಬರುವ ಹುಡುಗಿಗೆ ಕರೀ ಕಾಫಿ ಕೊಟ್ಟು ಕೂರಿಸೋದಾ?

ಸೂಪರ್ ಮಾರ್ಕೆಟ್ಟಿಗೆ ಹೋದೆ. ನಾನು ಆ ಸಾಲಿನ ಮುಂದೆ ಅದುವರೆಗೆ ನಿಂತವಳೇ ಅಲ್ಲ. ಸೋಯಾ, ಬಾದಾಮಿ, ಓಟ್ಸ್, ತೆಂಗು ಅಂತ ಬಣ್ಣಬಣ್ಣದ ಪೆಟ್ಟಿಗೆಗಳು. ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ, ಒಂದು ಪೆಟ್ಟಿಗೆಯ ದುಡ್ಡಿಗೆ ನಾಲ್ಕೈದು ದಿನದ ಹಾಲು ಬರುತ್ತದೆ. ಇದ್ದುದರಲ್ಲಿ ಕಡಿಮೆ ಬೆಲೆಯ ಒಂದನ್ನು ಎತ್ತಿಕೊಂಡು ಬಂದೆ. ಮುಂದೆ ದೊಡ್ಡದಾಗಿ 'ಲ್ಯಾಕ್ಟೋಸ್ ಫ್ರೀ' ಎಂದಿತ್ತು. ಪುಟ್ಟಿ ಅದನ್ನು ನೋಡಿ ನಗಲೂ ಇಲ್ಲ ಪಾಪ, ಮೆತ್ತಗೆ ಹೇಳಿದಳು. "ಚಿಕ್ಕಮ್ಮ, ಇದು ಹಸುವಿನ ಹಾಲೇ. ಹಾಲಿನ ಸಕ್ಕರೆ ಅರಗದವರಿಗೆ ಅಂತ ಅದನ್ನ ಒಂದು ಕಿಣ್ವ ಹಾಕಿ ಮೊದಲೇ ಒಡೆದಿರ್ತಾರೆ, ಅಷ್ಟೇ."

ಮಾರನೆಯ ದಿನ ಅವಳನ್ನೇ ಕರೆದುಕೊಂಡು ಹೋದೆ. ಈ ಸಲ ಬಾದಾಮಿಯದು ಸಿಕ್ಕಿತು, 'ಡೈರಿ ಫ್ರೀ' ಎಂದು ಹಣೆಯ ಮೇಲೇ ಬರೆದಿತ್ತು. ಸರಿ, ಮುಗೀತಲ್ಲ ಅಂದುಕೊಂಡು ಬಿಲ್ ಕೌಂಟರ್ ಕಡೆ ತಿರುಗಿದರೆ, ಇವಳು ಪೆಟ್ಟಿಗೆಯನ್ನು ಬೆನ್ನು ಮೇಲೆ ಮಾಡಿ ಮೊಬೈಲ್ ಟಾರ್ಚ್ ಹಾಕಿಕೊಂಡು ಓದುತ್ತಿದ್ದಾಳೆ, ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ. "ಇನ್ನೇನು ನೋಡೋದು? ಹಾಲಿಲ್ಲ ಅಂತ ಬರೆದಿದೆಯಲ್ಲ" ಅಂದೆ. "ಹಾಲಿಲ್ಲ ಅನ್ನೋದು ಸರಿ. ಇನ್ನೇನಿದೆ ಅಂತ ನೋಡ್ತಿದೀನಿ" ಅಂದಳು.

ಆ ಮಾತು ನನಗೆ ಹಿಡಿಸಿತು. ಡಬ್ಬಿಯ ಮುಂಭಾಗ ಏನಿಲ್ಲ ಅಂತ ಕೂಗಿ ಹೇಳುತ್ತದೆ. ಏನಿದೆ ಅನ್ನುವುದು ಹಿಂಭಾಗದಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇರುತ್ತದೆ. ಅಲ್ಲಿದ್ದದ್ದು ನೀರು, ಸಕ್ಕರೆ, ಬಾದಾಮಿ ನೂರಕ್ಕೆ ಮೂರು ಪಾಲು, ಆಮೇಲೆ ಒಂದಷ್ಟು ಐಎನ್‌ಎಸ್ ನಂಬರುಗಳು (ಆಹಾರಕ್ಕೆ ಸೇರಿಸುವ ಅಂಟು, ಬಣ್ಣದಂಥವನ್ನು ಗುರುತಿಸುವ ಸಂಖ್ಯೆಗಳು), ಕೊನೆಗೆ ವಿಟಮಿನ್‌ಗಳು. ನೂರಕ್ಕೆ ಮೂರು! ಉಳಿದದ್ದು ಹೆಚ್ಚುಕಡಿಮೆ ನೀರೇ. ಹಾಲಿಗೆ ನೀರು ಬೆರೆಸಿದ ಅಂತ ಒಂದು ಕಾಲದಲ್ಲಿ ಹಾಲಿನವನ ಜೊತೆ ಜಗಳ ಆಡಿದ್ದೆ, ಈಗ ದುಡ್ಡು ಕೊಟ್ಟು ನೀರಿಗೆ ಬಾದಾಮಿ ಬೆರೆಸಿದ್ದನ್ನು ತರುತ್ತಿದ್ದೇನೆ.

ಮನೆಗೆ ಬಂದಾಗ ಅಮ್ಮ ಕೇಳಿದಳು, ಏನದು ಅಂತ. ಬಾದಾಮಿ ಹಾಲು ಅಂದೆ. "ಹಾಲು ಕುಡಿಯಲ್ಲ ಅಂದವಳಿಗೆ ಬಾದಾಮಿ ಹಾಲಾ?" ತಪ್ಪೇನಿಲ್ಲ ಅವಳದು. ನಮ್ಮ ಕಡೆ ಬಾದಾಮಿ ಹಾಲು ಅಂದರೆ ಹಸುವಿನ ಹಾಲನ್ನು ಕುದಿಸಿ, ಬಾದಾಮಿ ಅರೆದು ಹಾಕಿ, ಕೇಸರಿ ಏಲಕ್ಕಿ ಬೆರೆಸಿದ್ದು. ಹೋಟೆಲಿನಲ್ಲಿ ವೀಗನ್ ಯಾರಾದರೂ ಹೆಸರು ನಂಬಿ ಅದನ್ನು ತರಿಸಿದರೆ ಕಥೆ ಮುಗೀತು.

ಹಾಗೆ ನೋಡಿದರೆ ಕನ್ನಡಕ್ಕೆ ಈ ಹಾಲಿನ ವಿಷಯದಲ್ಲಿ ಮಡಿವಂತಿಕೆ ಇರಲೇ ಇಲ್ಲ. ಗಾಣದಲ್ಲಿ ಹಿಂಡಿದ್ದು ಕಬ್ಬಿನ ಹಾಲು. ಗಸಗಸೆ ಪಾಯಸಕ್ಕೆ, ಒತ್ತು ಶಾವಿಗೆಗೆ ಕಾಯಿಹಾಲು. ರಾಗಿ ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿದರೆ ಬರುವುದೂ ಹಾಲೇ, ಅದರಿಂದಲೇ ಹಾಲುಬಾಯಿ ಮಾಡುವುದು. ಹೊಲದಲ್ಲಿ ಜೋಳದ ತೆನೆಗೆ ಹಾಲು ತುಂಬುತ್ತದೆ. ಆದರೆ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ, ಅಂದರೆ ಎಫ್‌ಎಸ್‌ಎಸ್‌ಎಐಗೆ, ಹಾಲು ಅಂದರೆ ಕೆಚ್ಚಲಿನಿಂದ ಬಂದದ್ದು ಮಾತ್ರ. 2021ರಲ್ಲಿ ಅವರು ಸೋಯಾ, ಬಾದಾಮಿ ಪಾನೀಯಗಳನ್ನು 'ಮಿಲ್ಕ್' ಎಂದು ಕರೆದು ಆನ್‌ಲೈನ್‌ನಲ್ಲಿ ಮಾರಬಾರದು ಎಂದು ತಾಕೀತು ಮಾಡಿದರು, ಅದು ದೆಹಲಿ ಹೈಕೋರ್ಟಿಗೂ ಹೋಯಿತು. ಕೋಕೋನಟ್ ಮಿಲ್ಕ್‌ಗೆ ಮಾತ್ರ ರಿಯಾಯಿತಿ, ಅದು ಹಳೇ ರೂಢಿ ಅಂತ. ಯುರೋಪಿನಲ್ಲೂ 2017ರಲ್ಲಿ ಅಲ್ಲಿನ ಕೋರ್ಟು ಇದೇ ಥರ ತೀರ್ಪು ಕೊಟ್ಟಿತ್ತು. ಅದಕ್ಕೇ ಪೆಟ್ಟಿಗೆಯ ಮೇಲೆ ಈಗ 'ಆಲ್ಮಂಡ್ ಡ್ರಿಂಕ್', 'ಓಟ್ ಬೆವರೇಜ್' ಅಂತ ಇರುತ್ತದೆ. ನಮ್ಮ ಗಾಣದವನು ಬೋರ್ಡು ಬದಲಾಯಿಸಿದ್ದನ್ನು ನಾನಂತೂ ನೋಡಿಲ್ಲ.

ಸರಿ, ಪೆಟ್ಟಿಗೆಗೆ ಬರೋಣ. ನನ್ನ ಪಾಲಿಗೆ ಹಸಿರು ಚುಕ್ಕೆ ಇದ್ದರೆ ಪರೀಕ್ಷೆ ಅಲ್ಲಿಗೆ ಮುಗಿದ ಹಾಗೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಬಣ್ಣದ್ದಾದರೆ ಮಾಂಸಾಹಾರ. ಬಣ್ಣ ಗುರುತಿಸಲಾಗದವರಿಗೂ ಗೊತ್ತಾಗಲಿ ಅಂತ ಕಂದು ಚುಕ್ಕೆಯನ್ನು ಈಚೆಗೆ ತ್ರಿಕೋನ ಮಾಡಿದ್ದಾರೆ, ಅದು ಒಳ್ಳೇ ಕೆಲಸ. ಆದರೆ ಹಸಿರು ಚುಕ್ಕೆ ವೀಗನ್‌ಗಳ ಮಟ್ಟಿಗೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಪ್ರಾಣಿ, ಪಕ್ಷಿ, ಹುಳ, ಮೀನು, ಮೊಟ್ಟೆ ಇವನ್ನೆಲ್ಲ ಅದು ಹೊರಗಿಡುತ್ತದೆ. ಹಾಲು, ಜೇನು, ಜೇನುಮೇಣ, ಅರಗು ಇವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅರಗು ಅಂದರೆ ಅದೇ, ಪಾಂಡವರಿಗೆ ಮನೆ ಕಟ್ಟಿಕೊಟ್ಟ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು. ಹುಳದಿಂದ ಬರುವಂಥದ್ದು. ಮಿಠಾಯಿಗೂ ಅದರ ಹೊಳಪು ಹಚ್ಚುತ್ತಾರೆ ಅಂತ ನನಗೆ ಗೊತ್ತಾಗಿದ್ದು ಪುಟ್ಟಿಯಿಂದಲೇ.

ವೀಗನ್‌ಗಳಿಗೇ ಅಂತ ಬೇರೆ ಗುರುತೂ ಇದೆಯಂತೆ. 2022ರಲ್ಲಿ ಅದಕ್ಕೊಂದು ನಿಯಮ ಬಂತು. ಹಸಿರು ಬಣ್ಣದ ಇಂಗ್ಲಿಷ್ 'ವಿ' ಅಕ್ಷರ, ಅದಕ್ಕೊಂದು ಚಿಗುರು. ಈ ನಿಯಮದ ಚೆಂದ ಏನಪ್ಪ ಅಂದರೆ, ಪಟ್ಟಿಯಲ್ಲಿ ಬರೆಯುವ ಸಾಮಾನು ಮಾತ್ರವಲ್ಲ, ತಯಾರಿಸುವಾಗ ಬಳಸಿ ಆಮೇಲೆ ತೆಗೆದುಬಿಡುವ ವಸ್ತು ಕೂಡ ಪ್ರಾಣಿಮೂಲದ್ದಾಗಿರಬಾರದು. ಇದು ಸಣ್ಣ ಮಾತಲ್ಲ. ಹಣ್ಣಿನ ರಸ ತಿಳಿಯಾಗಲಿ ಅಂತ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಹಾಕಿ ಸೋಸುವುದುಂಟು, ಬಿಯರನ್ನು ಮೀನಿನ ಗಾಳಿಚೀಲದಿಂದ ಮಾಡಿದ ಅಂಟಿನಿಂದ ತಿಳಿ ಮಾಡುವುದುಂಟು. ರಸದಲ್ಲಿ ಅದು ಉಳಿಯದ ಕಾರಣ ಸಾಮಾನಿನ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಮದುವೆ ಮನೆಯಲ್ಲಿ ಅಡಿಗೆ ಭಟ್ಟರ ಹೆಸರು ಆಮಂತ್ರಣದಲ್ಲಿ ಹಾಕುತ್ತಾರಾ, ಹಾಗೆ.

ನಾವು ತಂದ ಪೆಟ್ಟಿಗೆಯಲ್ಲಿ ಆ 'ವಿ' ಇರಲಿಲ್ಲ. ಇಲ್ಲ ಅಂದ ಮಾತ್ರಕ್ಕೆ ಕಲಬೆರಕೆ ಅಂತಲೂ ಅಲ್ಲ. ವೀಗನ್ ಎಂದು ಹೇಳಿಕೊಂಡು ಮಾರುವವರು ಆ ನಿಯಮ ಪಾಲಿಸಬೇಕು, ಬರೀ 'ಡೈರಿ ಫ್ರೀ' ಅಂದವರಿಗೆ ಆ ರಗಳೆ ಇಲ್ಲ. ಹಾಗಾಗಿ ಪುಟ್ಟಿ ಒಂದೊಂದೇ ನಂಬರು ಹಿಡಿದು ನನಗೆ ಪಾಠ ಶುರು ಮಾಡಿದಳು. 412 ಅಂದರೆ ಗೋರಿಕಾಯಿ ಜಾತಿಯ ಬೀಜದ ಅಂಟು, ತೊಂದರೆಯಿಲ್ಲ. 418 ಗೆಲ್ಲಾನ್ ಗಮ್, ಸೂಕ್ಷ್ಮಜೀವಿಗಳಿಂದ ಬರೋದು, ಅದೂ ಸರಿ. 322 ಲೆಸಿಥಿನ್, ಸಾಮಾನ್ಯವಾಗಿ ಸೋಯಾದ್ದು, ಆದರೆ ಮೊಟ್ಟೆಯಿಂದಲೂ ತೆಗೆಯಬಹುದು. 471 ಅಂದರೆ ನೀರು ಎಣ್ಣೆ ಬೇರೆಯಾಗದ ಹಾಗೆ ಹಿಡಿದಿಡುವ ಕೊಬ್ಬಿನಂಶ, ಗಿಡದೆಣ್ಣೆಯದೂ ಆಗಬಹುದು, ಪ್ರಾಣಿಯ ಕೊಬ್ಬಿನದೂ ಆಗಬಹುದು, ನಂಬರು ಮಾತ್ರ ಅದೇ. ನಮ್ಮಲ್ಲಿ ಹಸಿರು ಚುಕ್ಕೆ ಇರುವುದರಿಂದ ಈ ಎರಡರ ಬಗ್ಗೆ ನೆಮ್ಮದಿ. ಹೊರದೇಶದಲ್ಲಿರುವವರಿಗೆ ಆ ಭಾಗ್ಯ ಇಲ್ಲ, ಅವಳ ಗೆಳತಿಯೊಬ್ಬಳು ಅಲ್ಲಿ ಅಂಗಡಿಯಲ್ಲಿ ಅರ್ಧ ಗಂಟೆ ಓದುತ್ತಾ ನಿಲ್ಲುತ್ತಾಳಂತೆ.

ಅಮೆರಿಕದಲ್ಲಿ 2012ರಲ್ಲಿ ಒಂದು ದೊಡ್ಡ ಗಲಾಟೆಯೇ ಆಗಿತ್ತು. ಸ್ಟಾರ್‌ಬಕ್ಸ್‌ನವರ ಸ್ಟ್ರಾಬೆರಿ ಪಾನೀಯವನ್ನು ಸೋಯಾ ಹಾಲಲ್ಲಿ ಮಾಡಿಸಿಕೊಂಡು, ಇದು ನಮಗೆ ಸಲ್ಲುತ್ತದೆ ಎಂದು ಕುಡಿಯುತ್ತಿದ್ದವರಿಗೆ, ಅದರ ಆ ಚೆಂದದ ಗುಲಾಬಿ ಬಣ್ಣ ಹುಳದಿಂದ ಬಂದದ್ದು ಎಂದು ಗೊತ್ತಾಯಿತು. ಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಅನ್ನುವ ಹುಳವನ್ನು ಒಣಗಿಸಿ ಪುಡಿ ಮಾಡಿದ ಬಣ್ಣ, ನಂಬರು 120. ಕಂಪನಿಯವರು ಆಮೇಲೆ ಟೊಮೆಟೊದಿಂದ ತೆಗೆದ ಬಣ್ಣಕ್ಕೆ ಬದಲಾಯಿಸಿದರು. ಹಾಲಿಲ್ಲ ಅನ್ನುವುದು ನಿಜವೇ ಆಗಿತ್ತು ನೋಡಿ!

ಇನ್ನೂ ತಮಾಷೆಯದು ಅಂದರೆ ಕಾಫಿಗೆ ಬೆರೆಸುವ 'ನಾನ್ ಡೈರಿ ಕ್ರೀಮರ್' ಅನ್ನುವ ಪುಡಿ. ಹೆಸರಿನಲ್ಲೇ ಡೈರಿ ಅಲ್ಲ ಅಂತಿದೆ. ಹಿಂದೆ ತಿರುಗಿಸಿ ಓದಿದರೆ ಹಲವಕ್ಕೆ ಸೋಡಿಯಂ ಕೇಸಿನೇಟ್ ಹಾಕಿರುತ್ತಾರೆ. ಕೇಸಿನ್ ಅಂದರೆ ಹಾಲಿನದೇ ಪ್ರೋಟೀನು. ಅಮೆರಿಕದಲ್ಲಿ ಅದರ ಪಕ್ಕದಲ್ಲೇ ಇದು ಹಾಲಿನಿಂದ ಬಂದದ್ದು ಎಂದೂ ಅಚ್ಚು ಹಾಕಬೇಕು, ಮುಂದುಗಡೆ ಹಾಲಿಲ್ಲ ಅಂತಲೂ ಇರುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಎಲ್ಲ ಪಾಸಾಗಿ ಕೊನೆಗೆ ಸಿಕ್ಕಿಹಾಕಿಕೊಂಡದ್ದು ವಿಟಮಿನ್ ಡಿ. ಡಿ2 ಆದರೆ ಯೀಸ್ಟ್ ಅಥವಾ ಅಣಬೆ ಮೇಲೆ ವಿಶೇಷ ಬೆಳಕು ಬಿಟ್ಟು ಮಾಡುವುದು. ಡಿ3 ಆದರೆ ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಕಲ್ಲುಹೂವಿನಿಂದ ಮಾಡಿದ್ದೂ ಇದೆ ಆದರೆ ದುಬಾರಿ. ಬಾದಾಮಿ ನೀರಿನೊಳಗೆ ಕುರಿಯನ್ನು ಹುಡುಕಬೇಕು ಅಂತ ಯಾರಿಗೆ ಹೊಳೆದೀತು? ಪೆಟ್ಟಿಗೆಯ ಮೇಲೆ ಬರೀ 'ವಿಟಮಿನ್ ಡಿ' ಎಂದಿತ್ತು, ಮುಂದೆ ಎರಡೂ ಇಲ್ಲ ಮೂರೂ ಇಲ್ಲ.

ಹಿಂದೆ ಒಂದು ಟೋಲ್ ಫ್ರೀ ನಂಬರ್ ಇತ್ತು. ನಾನೇ ಫೋನ್ ಮಾಡಿದೆ, ಹುಮ್ಮಸ್ಸು ನನಗೇ ಜಾಸ್ತಿಯಾಗಿತ್ತು. ಆ ಕಡೆ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. "ಮೇಡಂ, ನಮ್ಮ ಪ್ರಾಡಕ್ಟ್ ನೂರಕ್ಕೆ ನೂರು ವೆಜ್." ವೆಜ್ ಅಂತ ಗೊತ್ತಪ್ಪ, ವೀಗನ್ನಾ ಅಂತ ಕೇಳ್ತಿದೀನಿ ಅಂದೆ. "ಹಾಲು ಹಾಕಲ್ಲ ಮೇಡಂ." ವಿಟಮಿನ್ ಡಿ ಎಲ್ಲಿಂದ ಬರುತ್ತೆ? "ಫ್ಯಾಕ್ಟರಿಯಿಂದ ಮೇಡಂ." ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಕುರಿಯಿಂದ ಬಂದಿದೆಯಾ ಅಂತ ಕೇಳಿ ಹೇಳ್ತೀರಾ?" ಅಂದೆ. ಪಾಪ ಅವನ ಕೆಲಸದಲ್ಲಿ ಇಂಥ ಪ್ರಶ್ನೆ ಅದುವರೆಗೆ ಬಂದಿರಲಿಕ್ಕಿಲ್ಲ. ಮೇಲ್ ಹಾಕಿ ಮೇಡಂ, ನಮ್ಮ ಟೀಮ್ ಉತ್ತರ ಕೊಡುತ್ತೆ ಅಂದ. ಪ್ರಶ್ನೆಯನ್ನು ಪೂರ್ತಿ ಬಿಡಿಸಿ ಮೇಲ್ ಹಾಕಿದೆ: ವಿಟಮಿನ್ ಡಿ ಎರಡೋ ಮೂರೋ, ಮೂಲ ಯಾವುದು, ಸೋಸಲು ಏನಾದರೂ ಬಳಸುತ್ತೀರಾ. 'ವೀಗನ್ನಾ' ಅಂತ ಒಂದೇ ಮಾತು ಕೇಳಿದರೆ ಹೌದು ಅಂತ ಒಂದೇ ಮಾತು ಬರುತ್ತದೆ, ಅದರಿಂದ ಏನೂ ತಿಳಿಯಲ್ಲ ಅಂತ ಪುಟ್ಟಿಯ ಅನುಭವ.

ಪೆಟ್ಟಿಗೆಯ ಕೆಳಗೆ ಇನ್ನೊಂದು ಸಾಲು ಇತ್ತು. ಹಾಲು ಬಳಸುವ ಯಂತ್ರದಲ್ಲೇ ಇದನ್ನೂ ತುಂಬಿದ್ದೇವೆ, ಹಾಲಿನ ಅಂಶ ಇರಬಹುದು ಎಂದು. ಸಿಕ್ಕಿಬಿತ್ತು ಅಂತ ನಾನು ಕುಣಿದೆ. ಅಮ್ಮನಂತೂ ತೀರ್ಪೇ ಕೊಟ್ಟಳು, "ಮುಸುರೆ ಆಯ್ತು ಬಿಡು, ಒಂದೇ ಸೌಟು ಎರಡಕ್ಕೂ ಹಾಕಿದ ಹಾಗೆ." ಅಮ್ಮನ ಕಾಲದ ಮಡಿಯಲ್ಲಿ ಅದು ನಡೆಯುವುದೇ ಇಲ್ಲ. ಪುಟ್ಟಿಗೆ ಅದು ಲೆಕ್ಕಕ್ಕೇ ಇಲ್ಲ. "ಅಜ್ಜಿ, ಅದು ಅಲರ್ಜಿ ಇರೋರಿಗೆ ಬರೆದಿರೋದು. ಬೇಕು ಅಂತ ಹಾಕಿಲ್ಲವಲ್ಲ, ಅದರಿಂದ ಯಾವ ಹಸುವಿಗೂ ಏನೂ ಆಗಲ್ಲ." ಹಾಗೆಯೇ ಉಲ್ಟಾ ಕೂಡ ನಿಜ. ವೀಗನ್ ಗುರುತು ನೋಡಿ ಹಾಲಿನ ಅಲರ್ಜಿ ಇರುವವರು ಕಣ್ಣುಮುಚ್ಚಿ ಕುಡಿಯುವ ಹಾಗಿಲ್ಲ, ಅವರು ಈ ಕೊನೇ ಸಾಲನ್ನೇ ಮೊದಲು ಓದಬೇಕು. ಒಂದೇ ಡಬ್ಬಿ, ಓದುವವರು ಮೂರು ಜನ, ಮೂವರ ಭಯವೂ ಬೇರೆ.

ಇದಕ್ಕೆಲ್ಲ ಕೊನೆ ಎಲ್ಲಿ ಅಂತ ಒಂದು ರಾತ್ರಿ ಕೇಳಿದೆ. ಬಾದಾಮಿ ಹೂವಿನ ಪರಾಗಕ್ಕೆಂದೇ ಅಮೆರಿಕದ ಬಹುಪಾಲು ಜೇನುಪೆಟ್ಟಿಗೆಗಳನ್ನು ಲಾರಿ ತುಂಬಿ ಕ್ಯಾಲಿಫೋರ್ನಿಯಾಗೆ ಸಾಗಿಸುತ್ತಾರೆ ಅಂತ ಅವಳೇ ಹೇಳಿದ್ದಳು. ಹಾಗಾದರೆ ಬಾದಾಮಿಯೂ ಬೇಡವಾ? ಅವಳು ಸ್ವಲ್ಪ ಯೋಚಿಸಿದಳು. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತೆ ಕೆಲವರು ಸೇರಿ ವೀಗನ್ ಸೊಸೈಟಿ ಶುರು ಮಾಡಿದರು, 'ವೆಜಿಟೇರಿಯನ್' ಪದದ ತಲೆ ಬಾಲ ಜೋಡಿಸಿ ಈ ಹೆಸರು ಮಾಡಿದ್ದು. ಆ ಸಂಸ್ಥೆಯೇ ಈಗ ಹೇಳೋದು, ಸಾಧ್ಯವಾದಷ್ಟು ಮಟ್ಟಿಗೆ ಅಂತ. "ನನ್ನ ಕೈಲಾದಷ್ಟು ಓದ್ತೀನಿ ಚಿಕ್ಕಮ್ಮ, ಆಮೇಲೆ ಕುಡೀತೀನಿ." ಕುಡಿದಳು ಕೂಡ. ಮೊದಲ ದಿನ ಬಿಸಿ ಡಿಕಾಕ್ಷನ್‌ಗೆ ಸುರಿದ ತಕ್ಷಣ ಒಡೆದು ಪುಡಿಪುಡಿಯಾಯಿತು. ಕಾಫಿಯ ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಹಾಗಾಗುತ್ತದೆ. ಬಾದಾಮಿಯದನ್ನು ಮೊದಲು ಉಗುರುಬೆಚ್ಚಗೆ ಮಾಡಿಕೊಂಡು ಡಿಕಾಕ್ಷನ್ನನ್ನು ನಿಧಾನಕ್ಕೆ ಬೆರೆಸಿದರೆ ನಿಲ್ಲುತ್ತದೆ. ರುಚಿ? ಕಾಫಿ ಅಂತ ಹೇಳಿ ಕೊಟ್ಟರೆ ಜಗಳ ಬರುತ್ತದೆ, ಬೇರೇನೋ ಅಂತ ಕೊಟ್ಟರೆ ಚೆನ್ನಾಗಿದೆ.

ಕಂಪನಿಯ ಉತ್ತರ ಬಂತು, ಪುಟ್ಟಿ ಹೊರಟ ಮೂರನೇ ದಿನ. ನಾವು ಬಳಸುವುದು ಡಿ2, ಯೀಸ್ಟ್ ಮೂಲದ್ದು, ಸೋಸಲು ಪ್ರಾಣಿಮೂಲದ್ದೇನೂ ಬಳಸುವುದಿಲ್ಲ ಎಂದು ಅಚ್ಚುಕಟ್ಟಾಗಿ ಬರೆದಿದ್ದರು. ಪೆಟ್ಟಿಗೆಯ ಮೇಲೆ ಒಂದು '2' ಸೇರಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಅಲ್ವಾ? ಪುಟ್ಟಿಗೆ ಕಳಿಸಿದೆ, ಅವಳು ಹತ್ತು ಹೃದಯ ಕಳಿಸಿದಳು. ಆಮೇಲೆ ಫ್ರಿಜ್ ತೆಗೆದು ನೋಡಿದರೆ ಅರ್ಧ ಉಳಿದಿದ್ದ ಪೆಟ್ಟಿಗೆ ಇಲ್ಲ.

"ಸುಮ್ನೆ ಹಾಳಾಗ್ತಿತ್ತು ಕಣೆ" ಅಂದಳು ಅಮ್ಮ, ಬಟ್ಟಲು ನನ್ನ ಮುಂದಿಡುತ್ತಾ. ಶಾವಿಗೆ ಪಾಯಸ. ಮೇಲೆ ಒಂದು ಸೌಟು ತುಪ್ಪ ತೇಲುತ್ತಿತ್ತು.