ಹೊತ್ತ ಕಲ್ಲನ್ನು ಇಳಿಸುವುದೆಲ್ಲಿ?

ಮಲಪ್ರಭೆಯ ದಂಡೆಯಿಂದ ಆಯ್ದು ತಂದ ಕಲ್ಲನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟಾಗ ಅದು 740 ಗ್ರಾಂ ತೂಗಿತು. ಕೊತ್ತಂಬರಿ ಸೋಸುತ್ತಿದ್ದ ಹೆಂಡತಿ ಒಮ್ಮೆ ಕಲ್ಲನ್ನೂ ಒಮ್ಮೆ ನನ್ನನ್ನೂ ನೋಡಿ, "ನಿಮ್ಮ ಪಾಪ ಇಷ್ಟೇನಾ?" ಎಂದಳು.

ಕಲ್ಲಿನ ಹಿನ್ನೆಲೆಯನ್ನು ಹೇಳಬೇಕು. ಯೇಸುವಿನ ಶಿಷ್ಯ ಯಾಕೋಬನ ಸಮಾಧಿಯಿದೆಯೆಂದು ನಂಬಲಾಗಿರುವ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರಕ್ಕೆ ಯುರೋಪಿನ ಜನ ಸಾವಿರ ವರ್ಷಗಳಿಂದ ನಡೆದು ಹೋಗುತ್ತಿದ್ದಾರೆ. ಆ ದಾರಿಗಳಿಗೆಲ್ಲ ಕಮೀನೊ ಎಂದು ಹೆಸರು. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಫ್ರಾನ್ಸಿನ ಗಡಿಯಿಂದ ಹೊರಟು ಪಿರೆನೀಸ್ ಪರ್ವತವನ್ನು ದಾಟುವ ಸುಮಾರು 780 ಕಿಲೋಮೀಟರ್ ಉದ್ದದ ಹಾದಿ. ಆ ಹಾದಿಯಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿ ಕ್ರೂಸ್ ದೆ ಫೆರ್ರೊ ಎಂಬ ಕಬ್ಬಿಣದ ಶಿಲುಬೆಯೊಂದು ಉದ್ದನೆಯ ಮರದ ಕಂಬದ ತುದಿಯಲ್ಲಿ ನಿಂತಿದೆ. ಯಾತ್ರಿಕರು ಮನೆಯಿಂದ ಹೊತ್ತು ತಂದ ಕಲ್ಲನ್ನು ಅದರ ಬುಡದಲ್ಲಿಟ್ಟು, ಮನಸ್ಸಿನ ಭಾರವನ್ನೂ ಅಲ್ಲಿಯೇ ಇಳಿಸಿದೆವೆಂದು ಭಾವಿಸಿ ಮುಂದಕ್ಕೆ ಹೋಗುತ್ತಾರೆ. ನಾನೂ ಆ ಹಾದಿಯಲ್ಲಿ ನಡೆಯಲು ಸಿದ್ಧನಾಗುತ್ತಿದ್ದೆ. ಗೋಲಿಯಷ್ಟು ಕಲ್ಲೂ ಸಾಕು ಎಂಬುದು ನನಗೆ ತಡವಾಗಿ ತಿಳಿಯಿತು.

ಚೀಲದ ಭಾರ ದೇಹದ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬುದು ಅಲ್ಲಿ ನಡೆದವರೆಲ್ಲ ಹೇಳುವ ಮಾತು. ನನ್ನ ತೂಕ 68 ಕಿಲೋ ಆದ್ದರಿಂದ ನನ್ನ ಪಾಲಿಗೆ ಬಂದದ್ದು 6.8 ಕಿಲೋ. ಮಲಗುವ ಚೀಲ, ಸಾಂತಿಯಾಗೊ ಇರುವ ಗಲೀಸಿಯಾ ಪ್ರಾಂತ್ಯದ ಮಳೆಗೆ ಅಂಜಿ ಕೊಂಡ ಎರಡು ರೇನ್‌ಕೋಟು, ಮಾಂಸ ತಿನ್ನದವನ ಗತಿಯೇನೆಂದು ಹೆಂಡತಿ ತುಂಬಿಸಿದ ಶೇಂಗಾ ಚಟ್ನಿಪುಡಿಯ ಮೂರು ಪೊಟ್ಟಣ ಮತ್ತು ಕಲ್ಲು, ಇಷ್ಟೂ ಸೇರಿ 11.2 ಕಿಲೋ ಆಗಿತ್ತು. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದೆ. ತಕ್ಕಡಿಯ ಮುಳ್ಳು ಅಲುಗಲಿಲ್ಲ. ನನ್ನ ತೂಕ ಒಂದು ಕಿಲೋ ಹೆಚ್ಚಿದರೆ ಚೀಲದ ಮಿತಿ ನೂರು ಗ್ರಾಂ ಹೆಚ್ಚುತ್ತದೆ ಎಂಬ ಲೆಕ್ಕ ಹೊಳೆದ ಮೇಲೆ ಒಂದು ವಾರ ಹೋಳಿಗೆಯನ್ನು ಧಾರಾಳವಾಗಿಯೇ ತಿಂದೆ. ಗಣಿತದಲ್ಲಿ ಅದು ಸರಿಯಿತ್ತು, ಮೊಣಕಾಲು ಒಪ್ಪಲಿಲ್ಲ.

ತಾಲೀಮಿಗೆಂದು ನಸುಕಿನಲ್ಲಿ ಬೂಟು ತೊಟ್ಟು, ತುಂಬಿದ ಚೀಲ ಹೊತ್ತು ಬಡಾವಣೆಯ ಉದ್ಯಾನವನ್ನು ಸುತ್ತತೊಡಗಿದೆ. ಮೊದಲ ದಿನ ಆಟೋದವನೊಬ್ಬ ಪಕ್ಕದಲ್ಲಿ ನಿಧಾನಿಸಿ, "ಮೆಜೆಸ್ಟಿಕ್ಕಾ ಸಾರ್?" ಎಂದು ಕೇಳಿದ. ನಾಲ್ಕನೆಯ ದಿನ ಒಂದೇ ಜಾಗವನ್ನು ಹನ್ನೊಂದು ಬಾರಿ ಸುತ್ತಿದ ನನ್ನನ್ನು ಕಾವಲುಗಾರ ತಡೆದು ಚೀಲ ಬಿಚ್ಚಿಸಿದ. ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಕಲ್ಲು ಸಿಕ್ಕಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಸ್ಪೇನಿನ ಶಿಲುಬೆಗೆ ಅರ್ಪಿಸಲು ಎಂದು ನಾನು ಕೊಟ್ಟ ವಿವರಣೆಯಿಂದ ಅವನ ಅನುಮಾನ ಇನ್ನೂ ಗಟ್ಟಿಯಾಯಿತೆಂದು ಕಾಣುತ್ತದೆ.

ವೀಸಾ ಅರ್ಜಿ ತುಂಬಿಸಿಕೊಟ್ಟ ಮಧ್ಯವರ್ತಿಗೆ ಪ್ರತಿ ರಾತ್ರಿಯ ವಸತಿಯ ಕಾದಿರಿಸಿದ ಚೀಟಿ ಬೇಕಿತ್ತು. ಗಲೀಸಿಯಾದ ಸರ್ಕಾರಿ ಆಲ್ಬೆರ್ಗೆಗಳಲ್ಲಿ, ಅಂದರೆ ಯಾತ್ರಿಕರ ಛತ್ರಗಳಲ್ಲಿ, ಮುಂಗಡ ಕಾದಿರಿಸುವಿಕೆಯೇ ಇಲ್ಲ. ಮೊದಲು ನಡೆದು ಬಂದವರಿಗೆ ಮಂಚ. "ಹಾಗಾದರೆ ಮೂರನೆಯ ರಾತ್ರಿ ನೀವು ಎಲ್ಲಿರುತ್ತೀರಿ?" ಎಂದು ಅವರು ಕೇಳಿದರು. "ಕಾಲು ಬಿಟ್ಟಲ್ಲಿ" ಎಂಬ ಉತ್ತರಕ್ಕೆ ಅರ್ಜಿಯಲ್ಲಿ ಜಾಗವಿರಲಿಲ್ಲ. ಕೊನೆಗೆ ಖಾಸಗಿ ವಸತಿಗಳಿಗೆ ಹಣ ತೆತ್ತು, ನನ್ನ ಬೊಕ್ಕೆಗಳು ಯಾವ ಊರಿನಲ್ಲಿ ಒಡೆಯಬೇಕೆಂಬುದನ್ನೂ ಎರಡು ತಿಂಗಳು ಮೊದಲೇ ಗೊತ್ತುಮಾಡಿದ್ದಾಯಿತು.

ಇಷ್ಟರಲ್ಲಿ ರಜೆ ಹತ್ತೇ ದಿನ ಮಂಜೂರಾಯಿತು. ಇಡೀ ಹಾದಿಗೆ ತಿಂಗಳಿಗೂ ಮಿಕ್ಕ ಸಮಯ ಬೇಕು. ಆದರೆ ಕಾಲ್ನಡಿಗೆಯಲ್ಲಿ ಕನಿಷ್ಠ 100 ಕಿಲೋಮೀಟರ್ ಕ್ರಮಿಸಿದವರಿಗೂ ಲ್ಯಾಟಿನ್ನಿನಲ್ಲಿ ಬರೆದ ಪ್ರಮಾಣಪತ್ರ ಸಿಗುತ್ತದೆ, ಯಾತ್ರಿಕರ ಪಾಸ್‌ಪೋರ್ಟಿಗೆ ದಿನಕ್ಕೆ ಎರಡು ಮುದ್ರೆ ಒತ್ತಿಸಿಕೊಂಡಿದ್ದರೆ ಸಾಕು. ಅದಕ್ಕಾಗಿಯೇ ಬಹಳ ಮಂದಿ ಸಾಂತಿಯಾಗೊದಿಂದ ಸುಮಾರು 115 ಕಿಲೋಮೀಟರ್ ದೂರದ ಸಾರ್ರಿಯಾ ಊರಿನಿಂದ ಹೊರಡುತ್ತಾರೆ. ನಾನೂ ಹಾಗೆಯೇ ಮಾಡುವುದೆಂದು ಟಿಕೆಟು ತೆಗೆಸಿ, ಆ ರಾತ್ರಿ ನಿಶ್ಚಿಂತೆಯಿಂದ ನಕ್ಷೆ ಹರಡಿಕೊಂಡು ಶಿಲುಬೆಯನ್ನು ಹುಡುಕತೊಡಗಿದೆ. ಸಾರ್ರಿಯಾದಿಂದ ಮುಂದಕ್ಕೆ ಬೆರಳಾಡಿಸಿದೆ, ಸಿಗಲಿಲ್ಲ. ಹಿಂದಕ್ಕೆ ಆಡಿಸಿದೆ. ನಾನು ನಡೆಯಲು ಆರಂಭಿಸುವ ಜಾಗಕ್ಕಿಂತ ನೂರಕ್ಕೂ ಹೆಚ್ಚು ಕಿಲೋಮೀಟರ್ ಹಿಂದೆ, ಎರಡು ಬೆಟ್ಟಗಳ ಆಚೆ, ಅದು ಸಿಕ್ಕಿತು.

ಕಲ್ಲನ್ನು ಚೀಲದಿಂದ ಹೊರತೆಗೆದೆ. ಎಸೆಯೋಣವೆಂದರೆ ಎರಡು ತಿಂಗಳು ಮನಸ್ಸಿನ ಭಾರವನ್ನೆಲ್ಲ ಅದಕ್ಕೇ ವಹಿಸಿದ್ದಾಗಿದೆ, ಮನೆಯಲ್ಲಿ ಇಟ್ಟುಕೊಳ್ಳಲು ಹೆಂಡತಿ ಒಪ್ಪಳು. ಒಂದು ಗಂಟು ರೊಟ್ಟಿ ಕಟ್ಟಿಕೊಂಡು ಬರಿಗಾಲಿನಲ್ಲಿ ಶ್ರೀಶೈಲಕ್ಕೆ ನಡೆದುಹೋಗಿ ಬಂದ ನಮ್ಮ ದೊಡ್ಡಮ್ಮನಿಗೆ ಫೋನು ಮಾಡಿ ಕೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, "ಎಲ್ಲಿಂದ ತಂದೀಯೋ ಅಲ್ಲೇ ಹೊಳ್ಯಾಗ ಬಿಟ್ಟು ಹೋಗೋ ತಮ್ಮಾ" ಎಂದಳು.

ಮುಂದಿನ ಶುಕ್ರವಾರ ಬಾದಾಮಿಯ ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು ಕಾದಿರಿಸಿದ್ದೇನೆ.