ಬಾಸ್ ಒಬ್ಬರನ್ನು ಬಿಟ್ಟು

ಇವತ್ತು ತಲೆ ಬಿಸಿಯಾಗಿದೆ. ಇಲ್ಲಿ ಕಕ್ಕಿಬಿಟ್ಟರೆ ರಾತ್ರಿ ನಿದ್ದೆಯಾದರೂ ಬರುತ್ತದೆ ಅಂತ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಮೊದಲೇ ಹೇಳಿದ್ದೇನೆ.

ನನ್ನ ಕೆಲಸ ಏನು ಅಂತ ನಿಮಗೆ ಗೊತ್ತೇ ಇದೆ. ಸ್ವಂತ ಐಟಿ ವಿಭಾಗ ಇಟ್ಟುಕೊಳ್ಳುವಷ್ಟು ದೊಡ್ಡದಲ್ಲದ, ಹಾಗಂತ ಕಂಪ್ಯೂಟರ್ ಇಲ್ಲದೆ ಅರ್ಧ ದಿನವೂ ನಡೆಯದ ಆಫೀಸುಗಳಿಗೆ ನಾನೇ ಐಟಿ ವಿಭಾಗ. ಅಂಥ ಒಂದು ಆಫೀಸಿನಲ್ಲಿ ಇವತ್ತು ಕೊನೆಗೂ ಐಟಿ ಪಾಲಿಸಿ (ಕಂಪ್ಯೂಟರ್ ಬಳಸುವ ನಿಯಮಗಳ ಪಟ್ಟಿ) ಜಾರಿಗೆ ಬಂತು. ಇದಕ್ಕಾಗಿ ಎಷ್ಟು ಕಾಲ ಬೆನ್ನು ಬಿದ್ದಿದ್ದೆನೋ ನನಗೇ ಲೆಕ್ಕವಿಲ್ಲ. ಎಲ್ಲರೂ ಸೇರಿದರು. ಬಾಸ್ ಪುಟ್ಟ ಭಾಷಣ ಮಾಡಿದರು. ‘ಸೆಕ್ಯುರಿಟಿ ನಮ್ಮೆಲ್ಲರ ಜವಾಬ್ದಾರಿ’ ಅಂದರು. ಎಲ್ಲರೂ ಸಹಿ ಹಾಕಿದರು. ಆಮೇಲೆ ನಾನು ಒಬ್ಬೊಬ್ಬರ ಪಕ್ಕ ಕೂತು ಇಮೇಲ್‌ಗೆ ಎರಡು ಹಂತದ ಲಾಗಿನ್ ಹಾಕಿಕೊಟ್ಟೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಫೋನಿನಲ್ಲಿ ಬರುವ ಕೋಡನ್ನೂ ಹಾಕಬೇಕು. ಅಲ್ಲೊಬ್ಬರು ಹಿರಿಯ ಅಕೌಂಟೆಂಟ್ ಇದ್ದಾರೆ. ಫೋನಿನಲ್ಲಿ ಹೊಸದೇನು ಒತ್ತಬೇಕೆಂದರೂ ಹೆದರುವವರು. ಅವರೂ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ‘ಇಷ್ಟೇನಾ?’ ಅಂತ ನಕ್ಕರು. ಖುಷಿಯಾಯಿತು.

ಕೊನೆಗೆ ಬಾಸ್ ಕ್ಯಾಬಿನ್‌ಗೆ ಹೋದೆ.

‘ನನಗೆ ಬೇಡ ಬಿಡಿ. ಪದೇ ಪದೇ ಕೋಡ್ ಹಾಕೋಕೆ ನನಗೆಲ್ಲಿ ಟೈಮ್ ಇದೆ? ಸ್ಟಾಫ್‌ಗೆಲ್ಲ ಹಾಕಿದ್ದೀರಲ್ಲ, ಸಾಕು.’

ಸಾಕಂತೆ!

ಸ್ವಲ್ಪ ಯೋಚನೆ ಮಾಡಿ. ಆ ಆಫೀಸಿನಲ್ಲಿ ಕದಿಯಬೇಕಾದ ಖಾತೆ ಯಾವುದು? ಆ ಅಕೌಂಟೆಂಟ್ ಹೆಸರಲ್ಲಿ ಮೇಲ್ ಬಂದರೆ ಜನ ಎರಡು ಸಲ ಪ್ರಶ್ನೆ ಕೇಳುತ್ತಾರೆ. ಬಾಸ್ ಹೆಸರಲ್ಲಿ ‘ಈ ಬಿಲ್ ಇವತ್ತೇ ಕಟ್ಟಿ, ನಾನು ಮೀಟಿಂಗ್‌ನಲ್ಲಿದ್ದೀನಿ, ಫೋನ್ ಮಾಡಬೇಡಿ’ ಅಂತ ಬಂದರೆ ಯಾರು ಕೇಳುತ್ತಾರೆ? ಬಿಲ್ ಕಟ್ಟಿಬಿಡುತ್ತಾರೆ. ಅದೂ ಅಲ್ಲದೆ ಇಡೀ ಆಫೀಸಿನ ಮೇಲ್‌ಗೆ ಅಡ್ಮಿನ್ ಅವರೇ, ಅಂದರೆ ಎಲ್ಲರ ಖಾತೆಯ ಸೆಟ್ಟಿಂಗ್ ಬದಲಿಸುವ ಅಧಿಕಾರ ಅವರ ಖಾತೆಗಿದೆ. ಅವರ ಒಂದು ಪಾಸ್‌ವರ್ಡ್ ಸಿಕ್ಕಿದರೆ ನಾನು ಮಧ್ಯಾಹ್ನವೆಲ್ಲ ಕೂತು ಹಾಕಿಕೊಟ್ಟ ಎರಡನೇ ಹಂತವನ್ನು ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಕಿತ್ತು ಹಾಕಬಹುದು. ಹಾಗಾದರೆ ನಾನು ಮಾಡಿದ್ದು ಏನು? ಸುಮ್ನೆ ನಾಟಕ.

ಇದು ನನ್ನ ಕಲ್ಪನೆ ಅಲ್ಲ. ಮೇಲ್ ಖಾತೆಗೆ ನುಗ್ಗಿ ಅಥವಾ ಬಾಸ್ ಹೆಸರಲ್ಲಿ ನಟಿಸಿ ದುಡ್ಡು ಹೊಡೆಯುವ ಈ ದಂಧೆಯ ಬಗ್ಗೆ 2023ರಲ್ಲಿ ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳನ್ನಷ್ಟೇ ಲೆಕ್ಕ ಹಾಕಿದರೂ ನಷ್ಟ ಸುಮಾರು 290 ಕೋಟಿ ಡಾಲರ್. ಇದರಲ್ಲಿ ವೈರಸ್ ಬೇಕೇ ಬೇಕು ಅಂತಿಲ್ಲ. ಒಳಗೆ ಬಂದವನು ಮೊದಲು ಗಲಾಟೆ ಮಾಡುವುದಿಲ್ಲ. ಕೂತು ಹಳೆಯ ಮೇಲ್ ಓದುತ್ತಾನೆ. ಯಾರಿಗೆ ಯಾವಾಗ ದುಡ್ಡು ಹೋಗುತ್ತದೆ, ಬಾಸ್ ಯಾವ ಧಾಟಿಯಲ್ಲಿ ಬರೆಯುತ್ತಾರೆ, ಎಲ್ಲ ತಿಳಿದುಕೊಳ್ಳುತ್ತಾನೆ. ಉತ್ತರಗಳು ಬಾಸ್ ಕಣ್ಣಿಗೆ ಬೀಳದೆ ಯಾವುದೋ ಮೂಲೆಯ ಫೋಲ್ಡರ್‌ಗೆ ಹೋಗುವಂತೆ ಒಂದು ರೂಲ್ ಹಾಕುತ್ತಾನೆ. ಆಮೇಲೆ ಒಂದೇ ಒಂದು ಮೇಲ್: ‘ನಮ್ಮ ಸಪ್ಲೈಯರ್ ಬ್ಯಾಂಕ್ ಖಾತೆ ಬದಲಾಗಿದೆ.’ ಆಂಟಿವೈರಸ್‌ಗೆ ಇದರಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ಹೀಗೆ ಮೋಸ ಹೋದ ಮೇಲೆ ಯಾರನ್ನು ಬೈಯುತ್ತಾರೆ ಗೊತ್ತಾ? ಬಿಲ್ ಕಟ್ಟಿದ ಪಾಪದ ಅಕೌಂಟೆಂಟನ್ನು.

ಬಾಸ್‌ಗಳು ಬುದ್ಧಿವಂತರು, ಅವರು ಮೋಸ ಹೋಗಲ್ಲ ಅನ್ನುವವರು ಇದ್ದಾರೆ. ಸರಿ. ನಾವೀಗ ಕೂತು ಹರಟುತ್ತಿರುವ ಈ ಫೇಸ್‌ಬುಕ್‌ನ ಯಜಮಾನನನ್ನೇ ತೆಗೆದುಕೊಳ್ಳಿ. 2016ರ ಜೂನ್‌ನಲ್ಲಿ ಜುಕರ್‌ಬರ್ಗ್ ಅವರ ಟ್ವಿಟರ್, ಪಿಂಟರೆಸ್ಟ್ ಖಾತೆಗಳು ಕಳ್ಳರ ಕೈ ಸೇರಿದವು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಸೋರಿಹೋದ ಪಾಸ್‌ವರ್ಡ್ ಇಟ್ಟುಕೊಂಡೇ ಒಳಗೆ ಹೋದೆವು ಅಂತ ಆ ಹುಡುಗರು ಹೇಳಿಕೊಂಡರು. ಆ ಪಾಸ್‌ವರ್ಡ್ ‘ದಾದಾದಾ’ ಅಂತೆ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಆಗಿನ ಬಾಸ್ ಜ್ಯಾಕ್ ಡಾರ್ಸಿ ಅವರ ಟ್ವಿಟರ್ ಖಾತೆಯೇ ಹೋಯಿತು. ಅವರ ಫೋನ್ ನಂಬರನ್ನೇ ಕದ್ದಿದ್ದರು. ನಂಬರ್ ಹೋದರೆ ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಕೂಡ ಕಳ್ಳನಿಗೇ ಸಿಗುತ್ತದೆ. ಅದಕ್ಕೇ ನಾನು ಎಸ್‌ಎಂಎಸ್ ಕೋಡ್ ಬೇಡ, ಕೋಡ್ ಕೊಡುವ ಆಪ್ ಹಾಕಿಕೊಳ್ಳಿ ಅಂತ ಗೋಗರೆಯುವುದು. ಇವರಿಗಿಂತ ನಮ್ಮ ಬಾಸ್ ಬುದ್ಧಿವಂತರು. ಇರಬಹುದಪ್ಪ.

ಒಬ್ಬರ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾನು ನೋಡಿದ ಆಫೀಸುಗಳಲ್ಲಿ ಜಾಸ್ತಿ ಕಡೆ ಇದೇ ಹಾಡು. ಯಾರೂ ತಮಗೆ ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳುವ ಹಾಗಿಲ್ಲ, ಬಾಸ್ ಒಬ್ಬರನ್ನು ಬಿಟ್ಟು. ಎಲ್ಲರ ಕಂಪ್ಯೂಟರ್‌ಗೂ ರಾತ್ರಿ ಅಪ್‌ಡೇಟ್ ಹೋಗಬೇಕು, ಬಾಸ್ ಒಬ್ಬರನ್ನು ಬಿಟ್ಟು. ವಿಂಡೋಸ್ 10ಕ್ಕೆ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಒಂದು ಕಡೆ ಎಲ್ಲ ಕಂಪ್ಯೂಟರ್ ಬದಲಾದವು. ಉಳಿದಿದ್ದು ಯಾವುದು ಹೇಳಿ ನೋಡೋಣ. ‘ನನಗೆ ಇದೇ ರೂಢಿಯಾಗಿದೆ ಕಣ್ರೀ.’ ಇನ್ನೊಂದು ಕಡೆ ಪೆನ್‌ಡ್ರೈವ್ ಹಾಕುವಂತಿಲ್ಲ ಅಂತ ನಿಯಮ. ಹೊರಗಿನವರು ಕೊಟ್ಟ ಪೆನ್‌ಡ್ರೈವ್ ಹಿಡಿದುಕೊಂಡು ಬರುವುದು ಯಾರು? ಉತ್ತರ ಬರೆಯಬೇಕಾ?

ಬ್ಯಾಕಪ್ ವಿಷಯ ಇನ್ನೂ ಚೆನ್ನಾಗಿದೆ. ಸ್ಟಾಫ್ ಎಲ್ಲರೂ ಶೇರ್ಡ್ ಫೋಲ್ಡರ್‌ನಲ್ಲೇ ಕೆಲಸ ಮಾಡಬೇಕು, ರಾತ್ರಿ ಅದರ ಬ್ಯಾಕಪ್ ಆಗುತ್ತದೆ. ಆದರೆ ಕಂಪನಿಯ ಒಪ್ಪಂದಗಳು, ಸಾಲದ ಕಾಗದಗಳು, ಸಂಬಳದ ಪಟ್ಟಿ ಇರುವುದು ಬಾಸ್ ಡೆಸ್ಕ್‌ಟಾಪ್ ಮೇಲೆ, ‘ನ್ಯೂ ಫೋಲ್ಡರ್ 3’ ಅನ್ನುವ ಫೋಲ್ಡರ್‌ನಲ್ಲಿ. ಅದಕ್ಕೆ ಬ್ಯಾಕಪ್ ಇಲ್ಲ. ಯಾಕೆ? ‘ಅದು ಕಾನ್ಫಿಡೆನ್ಷಿಯಲ್.’ ಹೌದು ಸ್ವಾಮಿ, ಹಾರ್ಡ್ ಡಿಸ್ಕ್ ಹೋದ ದಿನ ಅದು ಎಷ್ಟು ಕಾನ್ಫಿಡೆನ್ಷಿಯಲ್ ಆಗುತ್ತದೆ ಅಂದರೆ ನಿಮಗೂ ಸಿಗುವುದಿಲ್ಲ.

ಇರುವ ಬ್ಯಾಕಪ್‌ನಿಂದ ಫೈಲ್ ವಾಪಸ್ ಬರುತ್ತದಾ ಅಂತ ಪರೀಕ್ಷೆ ಮಾಡೋಣ ಅಂದರೆ ಅದಕ್ಕೂ ಒಪ್ಪಿಗೆ ಸಿಗುವುದಿಲ್ಲ. ಸಾಫ್ಟ್‌ವೇರ್ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯ ಕಥೆ ನಾನು ಇಲ್ಲಿ ಹಿಂದೆಯೂ ಹೇಳಿರಬೇಕು. 2017ರ ಜನವರಿ 31ರಂದು ಅಲ್ಲಿನ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನಲ್ಲಿ ಕಮಾಂಡ್ ಕೊಟ್ಟು ಅಸಲಿ ಡೇಟಾಬೇಸ್ ಅಳಿಸಿಬಿಟ್ಟರು. ಬ್ಯಾಕಪ್ ಇತ್ತಲ್ಲ, ಒಂದಲ್ಲ, ಹಲವು ಥರದ್ದು. ತೆಗೆದು ನೋಡಿದರೆ ದಿನಾ ಆಗಬೇಕಿದ್ದ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ಆಗುತ್ತಲೇ ಇರಲಿಲ್ಲ. ಸಾಫ್ಟ್‌ವೇರ್ ವರ್ಷನ್ ಹೊಂದದೆ ಅದು ಸದ್ದಿಲ್ಲದೆ ಫೇಲ್ ಆಗುತ್ತಿತ್ತು. ಫೇಲ್ ಆಗಿದೆ ಅಂತ ಹೇಳುವ ಇಮೇಲ್‌ಗಳು ಕೂಡ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದಿದ್ದು ಬೇರೆ ಕೆಲಸಕ್ಕೆ ಅಂತ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ನಕಲು. ಆ ಆರು ಗಂಟೆಯ ಡೇಟಾ ಹೋಯಿತು. ಅವರು ಕಂಪ್ಯೂಟರ್‌ನವರೇ. ಅವರಿಗೇ ಹೀಗಾದರೆ ‘ನ್ಯೂ ಫೋಲ್ಡರ್ 3’ ಗತಿ ಏನು?

ಇನ್ನು ಕೆಲಸ ಬಿಟ್ಟು ಹೋದವರ ಖಾತೆಗಳು. ಇದಂತೂ ನನ್ನ ಹಳೆಯ ಜಗಳ. ಬಿಟ್ಟ ದಿನವೇ ಮುಚ್ಚಬೇಕು ಅಂತ ಪಾಲಿಸಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ. ಮುಚ್ಚಲು ಹೋದರೆ ಬಾಸ್ ಫೋನ್: ‘ಇರಲಿ ಬಿಡಿ, ಅವನ ಪಾಸ್‌ವರ್ಡ್ ನನ್ನ ಹತ್ರ ಇದೆ, ಕ್ಲೈಂಟ್ ಮೇಲ್ ಬಂದರೆ ನಾನೇ ನೋಡ್ತೀನಿ.’ ನೋಡುತ್ತಾರೆ, ಒಂದು ವಾರ. ಆಮೇಲೆ ಆ ಖಾತೆ ಅನಾಥ. 2021ರಲ್ಲಿ ಅಮೆರಿಕದ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಕಂಪನಿಗೆ ಕಳ್ಳರು ನುಗ್ಗಿದ್ದು ಇಂಥದ್ದೇ ಬಳಕೆಯಲ್ಲಿಲ್ಲದ ಒಂದು ವಿಪಿಎನ್ (ಹೊರಗಿನಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರುವ ದಾರಿ) ಖಾತೆಯಿಂದ. ಅದಕ್ಕೆ ಎರಡನೇ ಹಂತದ ಲಾಗಿನ್ ಇರಲಿಲ್ಲ, ಬರೀ ಪಾಸ್‌ವರ್ಡ್. ಅದು ಸುಲಭದ ಪಾಸ್‌ವರ್ಡ್ ಅಲ್ಲ, ಕಷ್ಟದ್ದೇ ಇತ್ತು ಅಂತ ಕಂಪನಿಯ ಮುಖ್ಯಸ್ಥರು ಸೆನೆಟ್ ಮುಂದೆ ಹೇಳಿದರು. ಏನು ಪ್ರಯೋಜನ? ಪೈಪ್‌ಲೈನ್ ದಿನಗಟ್ಟಲೆ ನಿಂತಿತು, 75 ಬಿಟ್‌ಕಾಯಿನ್ ಸುಲಿಗೆ ಕಟ್ಟಿದರು. ಹೋದವರ ಮೇಲ್ ನೋಡಲೇಬೇಕು ಅಂದರೆ ಆ ಮೇಲ್‌ಬಾಕ್ಸನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಿ, ಲಾಗಿನ್ ಮುಚ್ಚಿ, ಬಾಸ್ ತಮ್ಮ ಖಾತೆಯಿಂದಲೇ ನೋಡುವ ಹಾಗೆ ಮಾಡಬಹುದು. ಸ್ವಲ್ಪ ಹೊತ್ತಿನ ಕೆಲಸ. ಆದರೆ ಪಾಸ್‌ವರ್ಡ್ ಕೈಯಲ್ಲಿರುವ ಸುಖವೇ ಬೇರೆ ಅಲ್ವಾ?

‘ನಮ್ಮಂಥ ಸಣ್ಣವರನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಅನ್ನುವ ಮಾತಿಗೆ ಈಗ ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಆದರೂ ಒಂದು ಹೇಳಿಬಿಡುತ್ತೇನೆ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕದ್ದವರು ಮೊದಲು ಹೊಕ್ಕಿದ್ದು ಅವರಿಗೆ ರೆಫ್ರಿಜರೇಷನ್ ಕೆಲಸ ಮಾಡಿಕೊಡುತ್ತಿದ್ದ ಒಂದು ಗುತ್ತಿಗೆ ಸಂಸ್ಥೆಯ ಲಾಗಿನ್ ಕದ್ದು. ನೀವು ಸಣ್ಣವರು, ನಿಜ. ನಿಮ್ಮ ಕ್ಲೈಂಟ್?

ಪಾಲಿಸಿ ಕಾಗದದ ಬಗ್ಗೆಯೂ ಒಂದು ಮಾತು. ನಾನು ಬರೆದಿದ್ದು ಎರಡೇ ಪುಟ. ಬಾಸ್‌ಗೆ ಅದು ತೆಳ್ಳಗೆ ಕಂಡಿತು. ಎಲ್ಲಿಂದಲೋ ಒಂದು ದಪ್ಪ ಟೆಂಪ್ಲೇಟ್ ಇಳಿಸಿಕೊಂಡು ಬಂದರು. ನಡುವೆ ಒಂದು ಕಡೆ ಬೇರೆ ಯಾವುದೋ ಕಂಪನಿಯ ಹೆಸರು ಹಾಗೇ ಉಳಿದಿತ್ತು, ಇಲ್ಲದ ವಿಭಾಗಗಳಿಗೆ ಇಲ್ಲದ ಮ್ಯಾನೇಜರ್‌ಗಳು. 90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಅನ್ನುವ ಹಳೇ ನಿಯಮವೂ ಇತ್ತು. ಅಮೆರಿಕ ಸರ್ಕಾರದ ಮಾನದಂಡಗಳ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ, ಸೋರಿಕೆಯ ಸುಳಿವಿಲ್ಲದೆ ಸುಮ್ನೆ ಅವಧಿ ನೋಡಿ ಪಾಸ್‌ವರ್ಡ್ ಬದಲಿಸಲು ಒತ್ತಾಯಿಸಬೇಡಿ ಅಂತ. ಒತ್ತಾಯಿಸಿದರೆ ಜನ ಮಾಡುವುದು ಇಷ್ಟೇ, ಕೊನೆಯ 1 ತೆಗೆದು 2 ಹಾಕುತ್ತಾರೆ. ನಾನು ಆ ಸಾಲು ಹೊಡೆದುಹಾಕಿದೆ. ಬಾಸ್ ಮತ್ತೆ ಸೇರಿಸಿದರು. ‘ಸ್ವಲ್ಪ ಸ್ಟ್ರಿಕ್ಟ್ ಆಗಿರಲಿ.’ ಯಾರಿಗೆ ಸ್ಟ್ರಿಕ್ಟ್ ಅಂತ ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಈಗ ಕಾಮೆಂಟ್‌ನಲ್ಲಿ ಬರುವವರು ಬರುತ್ತೀರಿ, ಗೊತ್ತು. ಕಂಪನಿ ಅವರದು, ದುಡ್ಡು ಅವರದು, ಹೋದರೆ ಅವರದೇ ಹೋಗುತ್ತದೆ, ನಿನಗೇನು? ಕೇಳಲು ಚೆನ್ನಾಗಿದೆ. ಆದರೆ ಆ ಸಂಬಳದ ಪಟ್ಟಿಯಲ್ಲಿರುವ ಬ್ಯಾಂಕ್ ಖಾತೆಗಳು ಅವರದಲ್ಲ, ಸ್ಟಾಫ್‌ನವು. ಕ್ಲೈಂಟ್ ಕಾಗದಗಳು ಕ್ಲೈಂಟ್‌ದು. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಅನ್ನುವ ಕಂಪನಿಯ ಅಮೆಜಾನ್ ಕ್ಲೌಡ್ ಕಂಟ್ರೋಲ್ ಪ್ಯಾನೆಲ್‌ಗೆ (ಬಾಡಿಗೆ ಸರ್ವರ್‌ಗಳನ್ನೆಲ್ಲ ನಿಭಾಯಿಸುವ ಜಾಗಕ್ಕೆ) ಒಬ್ಬ ನುಗ್ಗಿದ. ದುಡ್ಡು ಕೇಳಿದ. ಅವರು ವಾಪಸ್ ಹಿಡಿತ ಸಾಧಿಸಲು ಹೋದಾಗ ಹೆಚ್ಚಿನದನ್ನೆಲ್ಲ ಅಳಿಸಿದ. ಬ್ಯಾಕಪ್‌ಗಳೂ ಅದೇ ಪ್ಯಾನೆಲ್‌ನಿಂದ ಕೈಗೆಟುಕುವ ಹಾಗಿದ್ದವು, ಅವೂ ಹೋದವು. ಕಂಪನಿ ಮುಚ್ಚಿತು. ಹೋಗಿದ್ದು ಬರೀ ಯಜಮಾನರದ್ದಾ? ಗ್ರಾಹಕರ ಕೋಡ್ ಅಲ್ಲಿತ್ತು.

ಅಪ್‌ಡೇಟ್‌ನಿಂದಲೇ ಕಂಪ್ಯೂಟರ್ ಕೆಡುತ್ತದೆ ಅನ್ನುವ ಇನ್ನೊಂದು ವಾದವಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪನಿ ಕಳಿಸಿದ ಒಂದು ಕೆಟ್ಟ ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಬಾಸ್‌ಗಳಿಗೆಲ್ಲ ಇದು ಬಾಯಿಪಾಠ. ಒಪ್ಪುತ್ತೇನೆ. ಆದರೆ ಅಪ್‌ಡೇಟ್ ಹಾಕದೆ ಕೂತವರ ಕಥೆ ಯಾಕೆ ಬಾಯಿಪಾಠ ಇಲ್ಲ? 2017ರ ಮೇ 12ರಂದು ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿತಲ್ಲ, ಅದು ನುಗ್ಗಿದ ವಿಂಡೋಸ್ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಬಿಟ್ಟಿದ್ದು ಮಾರ್ಚ್ 14ಕ್ಕೆ. ಸುಮಾರು ಎರಡು ತಿಂಗಳು ಟೈಮ್ ಇತ್ತು. ಎಲ್ಲ ಕಡೆ ಒಟ್ಟಿಗೆ ಹಾಕಲು ಹೆದರಿಕೆಯೇ? ಮೊದಲು ಒಂದೆರಡು ಯಂತ್ರಕ್ಕೆ ಹಾಕಿ ನೋಡಿ, ಆಮೇಲೆ ಉಳಿದವಕ್ಕೆ. ಅದಕ್ಕೂ ಒಬ್ಬರಿಗೆ ಜವಾಬ್ದಾರಿ ಕೊಟ್ಟಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ಇದು ಹೇಗೆ ಅರ್ಥವಾಗುತ್ತದೆ?

ನಿಜ ಹೇಳಿಬಿಡುತ್ತೇನೆ. ಕೆಟ್ಟ ಮೇಲೆ ಕರೆದರೆ ನನಗೆ ಲಾಭ. ನಡುರಾತ್ರಿ ಫೋನ್, ದೊಡ್ಡ ಬಿಲ್ಲು, ಬೆಳಿಗ್ಗೆ ‘ನೀವಿಲ್ಲದಿದ್ದರೆ ನಮ್ಮ ಗತಿ ಏನಾಗ್ತಿತ್ತು’ ಅನ್ನುವ ಹೊಗಳಿಕೆ. ಸದ್ದಿಲ್ಲದೆ ಲೈಸೆನ್ಸ್ ದಿನಾಂಕ ನೋಡುವವನನ್ನು, ಡೊಮೈನ್ ರಿನ್ಯೂ ಮಾಡುವವನನ್ನು, ಡಿಸ್ಕ್ ಸಾಯುವ ಮೊದಲೇ ಬದಲಿಸುವವನನ್ನು ಯಾರೂ ಹೊಗಳಲ್ಲ. ‘ಏನೂ ತೊಂದರೆ ಇಲ್ಲವಲ್ಲ, ನಿಮಗೆ ಯಾಕೆ ತಿಂಗಳು ತಿಂಗಳು ದುಡ್ಡು?’ ಅಂತ ಕೇಳುತ್ತಾರೆ. ಆ ಹೊಗಳಿಕೆ ನನಗೆ ಇಷ್ಟ ಇಲ್ಲ ಅಂತ ಸುಳ್ಳು ಹೇಳಲಾರೆ. ಆದರೆ ವಯಸ್ಸಾಗುತ್ತಿದೆ ಮಾರಾಯ್ರೇ, ನಡುರಾತ್ರಿ ಸರ್ವರ್ ರೂಮಿನ ನೆಲದ ಮೇಲೆ ಕೂರಲು ಬೆನ್ನು ಒಪ್ಪುವುದಿಲ್ಲ.

ಇವತ್ತು ಒಂದು ರಾಜಿಗೆ ಪ್ರಯತ್ನಿಸಿದೆ. ‘ಸಾರ್, ನಿಮಗೆ ಕೋಡ್ ಬೇಡವಾದರೆ ಅಡ್ಮಿನ್ ಅಧಿಕಾರವಾದರೂ ನಿಮ್ಮ ಖಾತೆಯಿಂದ ತೆಗೆಯುತ್ತೇನೆ. ಅಡ್ಮಿನ್‌ಗೆ ಅಂತ ಬೇರೆ ಎರಡು ಖಾತೆ ಮಾಡೋಣ. ದಿನನಿತ್ಯದ ಮೇಲ್‌ಗೆ ಅದನ್ನು ಬಳಸುವುದೇ ಬೇಡ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಲಾಕರ್‌ನಲ್ಲೇ ಇರಲಿ’ ಅಂದೆ. ಕಂಪನಿಯ ಯಜಮಾನನಾಗುವುದಕ್ಕೂ ಕಂಪ್ಯೂಟರ್‌ಗೆ ಅಡ್ಮಿನ್ ಆಗುವುದಕ್ಕೂ ಸಂಬಂಧವೇ ಇಲ್ಲ. ಅವರ ಮುಖ ನೋಡಬೇಕಿತ್ತು. ಕುರ್ಚಿಯನ್ನೇ ಕೇಳಿದ ಹಾಗೆ ನೋಡಿದರು. ‘ನನ್ನ ಕಂಪನಿಯಲ್ಲಿ ನನಗೇ ಪವರ್ ಇಲ್ವಾ?’

ಅಲ್ಲಿಗೆ ಬ್ಯಾಗ್ ಎತ್ತಿಕೊಂಡು ಬಂದೆ.

ಒಪ್ಪಂದ ನವೀಕರಿಸುವ ಸಮಯ ಹತ್ತಿರ ಬರುತ್ತಿದೆ. ಈ ಸಲ ಎಲ್ಲ ಆಫೀಸುಗಳಿಗೂ ಒಂದು ಸಾಲು ಸೇರಿಸುತ್ತಿದ್ದೇನೆ: ಪ್ರತಿ ಹೊಸ ನಿಯಮವೂ ಮೊದಲು ಜಾರಿಯಾಗುವುದು ಮಾಲೀಕರ ಖಾತೆಗೆ, ಆಮೇಲೆ ಉಳಿದವರಿಗೆ. ಒಪ್ಪದವರಿಗೆ ನಾನು ಪಾಲಿಸಿ ಬರೆದುಕೊಡುವುದಿಲ್ಲ. ಕೆಲವರು ಕೈ ಬಿಟ್ಟು ಹೋಗುತ್ತಾರೆ. ಹೋಗಲಿ. ನಿಮ್ಮ ಆಫೀಸಿನಲ್ಲೂ ಇದೇ ಕಥೆಯಾದರೆ ಕೆಳಗೆ ಬರೆಯಿರಿ, ಆದರೆ ಬಾಸ್‌ನ ಟ್ಯಾಗ್ ಮಾಡಿ ಆಮೇಲೆ ನನ್ನನ್ನು ಬೈಯಬೇಡಿ. ಅಂದ ಹಾಗೆ, ಇವತ್ತಿನ ಆ ಬಾಸ್ ನನ್ನ ಫ್ರೆಂಡ್ ಲಿಸ್ಟ್‌ನಲ್ಲೇ ಇದ್ದಾರೆ. ನಮಸ್ಕಾರ ಸಾರ್. ನಾಳೆ ಬೆಳಿಗ್ಗೆ ಬರಲಾ? ಎರಡೇ ನಿಮಿಷ ಸಾಕು.